ಉದ್ಯಾನ ಯಾರಿಗಾಗಿ? ನಕ್ಷೆಗೆ ಮೊದಲು ನೆಲದವರನ್ನು ಕೇಳಿ

ನಮ್ಮಲ್ಲಿ ರಸ್ತೆ ಯೋಜನೆಯೊಂದು ಘೋಷಣೆಯಾದಾಗಲೆಲ್ಲ ಅದರ ಜೊತೆಗೆ ಒಂದು ಚಿತ್ರವೂ ಬಿಡುಗಡೆಯಾಗುತ್ತದೆ. ಆ ಚಿತ್ರದಲ್ಲಿ ಆಕಾಶ ಸದಾ ನೀಲಿ. ಮೇಲ್ಸೇತುವೆಯ ಕಂಬಗಳ ಬುಡದಲ್ಲಿ ಹುಲ್ಲುಹಾಸು, ಹೂವಿನ ಗಿಡಗಳು, ಕಲ್ಲಿನ ಬೆಂಚುಗಳು, ಬೆಂಚಿನ ಮೇಲೆ ಕುಳಿತು ಪುಸ್ತಕ ಓದುವ ಓರ್ವ ಯುವತಿ, ಪಕ್ಕದಲ್ಲಿ ಸೈಕಲ್ ಹಿಡಿದು ನಿಂತ ಮಗು. ನೋಡಿದವರಿಗೆ ಸಂತೋಷವಾಗುವಂತೆಯೇ ಅದನ್ನು ರಚಿಸಲಾಗಿರುತ್ತದೆ. ಆದರೆ ಪೀಣ್ಯದಲ್ಲಿ ಪಾಳಿ ಮುಗಿಸಿ ಬಸ್ಸಿಗಾಗಿ ಕಾಯುವ ಗಾರ್ಮೆಂಟ್ಸ್ ಕಾರ್ಮಿಕೆ ಆ ಚಿತ್ರದಲ್ಲಿ ಇರುವುದಿಲ್ಲ. ಹೊಸೂರು ರಸ್ತೆಯ ಬದಿಯಲ್ಲಿ ತಳ್ಳುಗಾಡಿ ನಿಲ್ಲಿಸಿ ಹಣ್ಣು ಮಾರುವವನು ಇರುವುದಿಲ್ಲ. ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮುಗಿಸಿ, ಮೆಟ್ರೋ ಕಂಬದ ನೆರಳಿನಲ್ಲಿ ಐದು ನಿಮಿಷ ಕುಳಿತು ಏಳುವ ತಾಯಿ ಇರುವುದಿಲ್ಲ. ಇವರು ಆ ಜಾಗದಲ್ಲಿ ಇಂದು ಇದ್ದಾರೆ. ಚಿತ್ರದಲ್ಲಿ ಮಾತ್ರ ಇಲ್ಲ. ಹಾಗಾದರೆ ಉದ್ಯಾನ ನಿರ್ಮಾಣವಾದ ಮೇಲೆ ಇವರು ಎಲ್ಲಿರುತ್ತಾರೆ?

ಈ ಪ್ರಶ್ನೆಯನ್ನು ಉದ್ಯಾನ ವಿರೋಧಿ ಪ್ರಶ್ನೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಉಸಿರಾಡಲು ಜಾಗವಿಲ್ಲದ ಬಡಾವಣೆಗಳಿಗೆ ಉದ್ಯಾನ ಬೇಕು. ಒಂದಲ್ಲ, ಹತ್ತು ಬೇಕು. ಆದರೆ ರಸ್ತೆಯನ್ನು ಕೇಳದೆ ಕಟ್ಟಿದವರು ಉದ್ಯಾನವನ್ನೂ ಕೇಳದೆ ಕಟ್ಟಬಹುದೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1976ರಲ್ಲಿ ಕಿಯೋನಿಕ್ಸ್ ಸಂಸ್ಥೆ ಸ್ಥಾಪನೆಯಾಗಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಚಿಗುರಿತು. ಆಗ ಅದು ನಗರದ ಹೊರಗಿನ ಬಯಲು. ಮೂರು ದಶಕಗಳಲ್ಲಿ ಬಯಲು ಕಂಪೆನಿಗಳಿಂದ ತುಂಬಿತು. ಆ ಕಂಪೆನಿಗಳಿಗೆ ಹೋಗಿಬರುವವರ ಅನುಕೂಲಕ್ಕಾಗಿ ಹೊಸೂರು ರಸ್ತೆಯ ಮೇಲೆ ಸುಮಾರು 10 ಕಿಲೋಮೀಟರ್ ಉದ್ದದ ಎತ್ತರಿಸಿದ ರಸ್ತೆ ನಿರ್ಮಾಣವಾಗಿ, 2010ರ ಜನವರಿಯಲ್ಲಿ ಸಂಚಾರಕ್ಕೆ ತೆರೆಯಿತು. ಮೇಲಿನವರಿಗೆ ಹತ್ತಿಪ್ಪತ್ತು ನಿಮಿಷಗಳ ಪ್ರಯಾಣ. ಕೆಳಗಿನವರಿಗೆ? ಬೊಮ್ಮನಹಳ್ಳಿ, ಸಿಂಗಸಂದ್ರ, ಕೂಡ್ಲು, ಹೊಸ ರೋಡ್‌ಗಳಲ್ಲಿ ರಸ್ತೆಯ ಈ ಬದಿಗೆ ಮನೆ, ಆ ಬದಿಗೆ ಶಾಲೆಯೋ ಆಸ್ಪತ್ರೆಯೋ ಇರುವ ಕುಟುಂಬಗಳಿಗೆ ರಸ್ತೆ ದಾಟುವುದೇ ನಿತ್ಯದ ಸಾಹಸ. ಊರನ್ನು ಜೋಡಿಸುವುದು ರಸ್ತೆಯ ಧರ್ಮ. ಇಲ್ಲಿ ರಸ್ತೆಯು ಊರನ್ನು ಎರಡಾಗಿ ಸೀಳಿತು. ದೂರದವರು ಹತ್ತಿರವಾದರು, ಎದುರು ಮನೆಯವರು ದೂರವಾದರು.

ತುಮಕೂರು ರಸ್ತೆಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಗೊರಗುಂಟೆಪಾಳ್ಯದಿಂದ ನಾಗಸಂದ್ರದವರೆಗೆ ಪೀಣ್ಯದ ನೆತ್ತಿಯ ಮೇಲೆ ಸಾಗುವ ಮೇಲ್ಸೇತುವೆಯಲ್ಲಿ 2021ರ ಡಿಸೆಂಬರ್‌ನಲ್ಲಿ ದೋಷ ಪತ್ತೆಯಾಯಿತು. ಕಾಂಕ್ರೀಟನ್ನು ಬಿಗಿದಿಡುವ ಕೇಬಲ್‌ಗಳು ದುರ್ಬಲಗೊಂಡಿದ್ದವು. ಸೇತುವೆಯನ್ನು ಮುಚ್ಚಲಾಯಿತು. 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಅವಕಾಶ ನೀಡಿದರೂ, ಭಾರಿ ವಾಹನಗಳು ಮತ್ತೆ ಮೇಲೇರಲು 2024ರ ಜುಲೈವರೆಗೂ ಕಾಯಬೇಕಾಯಿತು. ಅಂದರೆ ಎರಡೂವರೆ ವರ್ಷ ಲಾರಿ, ಟ್ರಕ್ಕುಗಳ ಹೊರೆಯನ್ನೆಲ್ಲ ಕೆಳಗಿನ ರಸ್ತೆ ಹೊತ್ತಿತು. ಅದರ ಹೊಗೆಯನ್ನು ಕುಡಿದವರು ಯಾರು? ಅದರ ಧೂಳು ಯಾರ ಅಡುಗೆಮನೆಗೆ ನುಗ್ಗಿತು? ಮೇಲೆ ಏನಾದರೂ ಕೆಟ್ಟರೆ ಅದರ ದಂಡವನ್ನು ಕೆಳಗಿನವರು ತೆರಬೇಕು ಎಂಬುದು ಈ ನಗರದ ಅಲಿಖಿತ ಕಾನೂನು. ಆ ಎರಡೂವರೆ ವರ್ಷಗಳಲ್ಲಿ ಸುದ್ದಿಯಾದದ್ದು ಹೆಚ್ಚಾಗಿ ಪ್ರಯಾಣಿಕರ ವಿಳಂಬ. ಅಲ್ಲೇ ವಾಸಿಸುವವರ ಆರೋಗ್ಯ ಎಷ್ಟು ಬಾರಿ ಸುದ್ದಿಯಾಯಿತು?

ಈಗ ಜಗತ್ತಿನ ಕಡೆಗೆ ನೋಡೋಣ. ಹೆದ್ದಾರಿಯ ಮೇಲೆ ಕಾಂಕ್ರೀಟಿನ ಮುಚ್ಚಿಗೆ ಹಾಸಿ, ಅದರ ಮೇಲೆ ಮಣ್ಣು ಹರಡಿ ಉದ್ಯಾನ ಬೆಳೆಸುವ ಪದ್ಧತಿ ಅಮೆರಿಕದಲ್ಲಿ ಹಲವು ದಶಕಗಳಿಂದ ಇದೆ. ಸಿಯಾಟಲ್ ನಗರದಲ್ಲಿ 1976ರಲ್ಲೇ ಅಂತಹ ಉದ್ಯಾನವೊಂದು ತೆರೆಯಿತು. ಅದನ್ನು ವಾಸ್ತುಶಿಲ್ಪಿಗಳು ಕೊಂಡಾಡಿದರು. ಆದರೆ ಕೆಲವೇ ವರ್ಷಗಳಲ್ಲಿ ಅದರ ಎತ್ತರದ ಕಾಂಕ್ರೀಟ್ ಗೋಡೆಗಳು, ಕಣ್ಣಿಗೆ ಬೀಳದ ಮೂಲೆಗಳು ಜನರಲ್ಲಿ ಭಯ ಹುಟ್ಟಿಸಿದವು. ಒಂಟಿಯಾಗಿ ಅಲ್ಲಿಗೆ ಹೋಗಲು ಜನ ಹಿಂಜರಿದರು. ಕೊನೆಗೆ ಸುತ್ತಲಿನ ನಿವಾಸಿಗಳೇ ಸಂಘ ಕಟ್ಟಿಕೊಂಡು ಅದರ ಸುಧಾರಣೆಗೆ ದುಡಿಯಬೇಕಾಯಿತು. ಕೊನೆಯಲ್ಲಿ ಬೇಕಾದ ಆ ನಿವಾಸಿಗಳ ತಿಳಿವಳಿಕೆ ಮೊದಲೇ ಬೇಡವಾಗಿತ್ತೇ?

ಡಲ್ಲಾಸ್ ನಗರದಲ್ಲಿ 2012ರಲ್ಲಿ ಹೆದ್ದಾರಿಯ ಮೇಲೆ 5 ಎಕರೆಗೂ ಸ್ವಲ್ಪ ಮಿಗಿಲಾದ ಉದ್ಯಾನ ಸಿದ್ಧವಾಯಿತು. ತಗಲಿದ ವೆಚ್ಚ ಸುಮಾರು 11 ಕೋಟಿ ಡಾಲರ್. ಅದರ ನಿರ್ವಹಣೆ ಖಾಸಗಿ ಪ್ರತಿಷ್ಠಾನದ ಕೈಯಲ್ಲಿದೆ. ಹೆಸರು, ದೊಡ್ಡ ಮೊತ್ತದ ದೇಣಿಗೆ ನೀಡಿದ ಉದ್ಯಮಿಯ ಮಗನದು. ಉದ್ಯಾನ ಜನಪ್ರಿಯವಾಗಿದೆ, ನಿಜ. ಜೊತೆಗೆ ಸುತ್ತಲಿನ ಜಮೀನಿನ ಬೆಲೆಯೂ ಏರಿತು. ಬೆಲೆ ಏರಿದಾಗ ಜಮೀನಿನ ಒಡೆಯ ನಗುತ್ತಾನೆ. ಬಾಡಿಗೆದಾರ ಗಂಟುಮೂಟೆ ಕಟ್ಟುತ್ತಾನೆ. ಇದು ಡಲ್ಲಾಸ್‌ನಲ್ಲೂ ಸತ್ಯ, ದೊಡ್ಡತೋಗೂರಿನಲ್ಲೂ ಸತ್ಯ.

ಇನ್ನೊಂದು ಉದಾಹರಣೆ ಇವೆರಡಕ್ಕಿಂತ ಮುಖ್ಯವಾದುದು. ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ರೊಂಡೊ ಎಂಬ ಬಡಾವಣೆಯಿತ್ತು. ಕರಿಯ ಜನಾಂಗದವರು ಬೆವರು ಸುರಿಸಿ ಕಟ್ಟಿಕೊಂಡ ಮನೆ, ಅಂಗಡಿ, ಆರಾಧನಾಲಯಗಳ ಬಡಾವಣೆ. 1950 ಮತ್ತು 60ರ ದಶಕಗಳಲ್ಲಿ ಅದರ ಎದೆಯ ನಡುವೆಯೇ ಅಂತರರಾಜ್ಯ ಹೆದ್ದಾರಿ 94 ಹಾದುಹೋಯಿತು. ನೂರಾರು ಕುಟುಂಬಗಳು ಬೀದಿಪಾಲಾದವು. ಅರ್ಧ ಶತಮಾನದ ಬಳಿಕ, 2015ರಲ್ಲಿ, ನಗರದ ಮೇಯರ್ ಮತ್ತು ರಾಜ್ಯದ ಸಾರಿಗೆ ಇಲಾಖೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. ಇಂದು ಅಲ್ಲಿನ ಜನರೇ ಮುಂದೆ ನಿಂತು, ಹೆದ್ದಾರಿಯ ಮೇಲೆ ನೆಲವನ್ನು ಮತ್ತೆ ಬೆಸೆಯುವ ಯೋಜನೆಗಾಗಿ ಒತ್ತಾಯಿಸುತ್ತಿದ್ದಾರೆ. ಅವರ ಬೇಡಿಕೆ ಬರೀ ಹುಲ್ಲುಹಾಸಲ್ಲ. ಕಳೆದುಕೊಂಡ ಮನೆಗಳು, ಅಂಗಡಿಗಳು, ಒಡೆತನ ತಮಗೆ ಮರಳಬೇಕು ಎನ್ನುತ್ತಿದ್ದಾರೆ. ಹೆದ್ದಾರಿಗಳಿಂದ ಒಡೆದುಹೋದ ಬಡಾವಣೆಗಳನ್ನು ಮತ್ತೆ ಜೋಡಿಸಲು ಅಮೆರಿಕದ ಸಂಸತ್ತು 2021ರ ಕಾನೂನಿನಲ್ಲಿ 100 ಕೋಟಿ ಡಾಲರ್ ತೆಗೆದಿರಿಸಿತು. ರಸ್ತೆಯ ಹೆಸರಿನಲ್ಲಿ ಅನ್ಯಾಯವಾಗಿದೆ ಎಂಬುದನ್ನು ಒಂದು ದೇಶ ಒಪ್ಪಿಕೊಂಡಿತು ಎಂಬುದೇ ಇದರ ಮಹತ್ವ. ನಮ್ಮಲ್ಲಿ ಅಂತಹ ಒಪ್ಪಿಗೆಯ ಒಂದು ವಾಕ್ಯವನ್ನಾದರೂ ಯಾವ ಪ್ರಾಧಿಕಾರ ಉಚ್ಚರಿಸಿದೆ?

ಅಷ್ಟಕ್ಕೂ, ಅಮೆರಿಕದ ಮಾದರಿಯನ್ನು ಬೆಂಗಳೂರಿಗೆ ಹಾಗೆಯೇ ಎತ್ತಿ ತರಲು ಸಾಧ್ಯವಿಲ್ಲ. ಅಲ್ಲಿ ಹೆದ್ದಾರಿ ಹಳ್ಳದಲ್ಲಿ ಸಾಗುತ್ತದೆ, ಆದ್ದರಿಂದ ಅದಕ್ಕೆ ಮುಚ್ಚಳ ಹಾಕಬಹುದು. ಇಲ್ಲಿ ಹೆದ್ದಾರಿ ಕಂಬಗಳ ಮೇಲೆ ಸಾಗುತ್ತದೆ. ಅದರ ಮೇಲೆ ಉದ್ಯಾನ ಮಾಡುವುದೆಂದರೆ ಸುಲಭದ ಮಾತಲ್ಲ. ನೀರುಂಡ ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು ಎರಡು ಟನ್. ಮರವೊಂದು ಬೇರೂರಲು ಒಂದು ಮೀಟರಿಗೂ ಹೆಚ್ಚು ಆಳದ ಮಣ್ಣು ಬೇಕು. ಕೇಬಲ್ ದುರ್ಬಲಗೊಂಡ ಸೇತುವೆಯ ಊರಿನಲ್ಲಿ ಈ ಲೆಕ್ಕವನ್ನು ಮರೆಯಲಾಗದು. ಹಾಗಾಗಿ ನಮಗೆ ಉಳಿದಿರುವುದು ಕೆಳಗಿನ ನೆಲ. ಹೊಸೂರು ರಸ್ತೆಯ ಮೇಲ್ಸೇತುವೆಯ ಕೆಳಗೆ, ತುಮಕೂರು ರಸ್ತೆಯ ಮೇಲ್ಸೇತುವೆಯ ಕೆಳಗೆ, 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡ್‌ಗೆ, 2025ರ ಆಗಸ್ಟ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ತಲುಪಿದ ಮೆಟ್ರೋ ಹಳಿಗಳ ಕೆಳಗೆ ಕಿಲೋಮೀಟರುಗಟ್ಟಲೆ ನೆಲವಿದೆ. ಇದರ ಜೊತೆಗೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ಪ್ರಸ್ತಾಪವೂ ಇದೆ. ಸುರಂಗವಾದರೆ ಮೇಲಿನ ನೆಲ ಉಳಿಯುತ್ತದೆ ಎಂಬುದು ಅದರ ಪರವಾದ ವಾದ. ಉಳಿದ ನೆಲದ ಮೇಲೆ ಯಾರಿಗೆ ಹಕ್ಕು ಎಂಬುದನ್ನು ಮಾತ್ರ ಯಾರೂ ಹೇಳುತ್ತಿಲ್ಲ.

ಅಧಿಕಾರಿಗಳ ಭಾಷೆಯಲ್ಲಿ ಮೇಲ್ಸೇತುವೆಯ ಕೆಳಗಿನ ನೆಲಕ್ಕೆ 'ಖಾಲಿ ಜಾಗ' ಎಂದು ಹೆಸರು. ಇದಕ್ಕಿಂತ ದೊಡ್ಡ ಸುಳ್ಳು ಬೇರೊಂದಿಲ್ಲ. ಬೆಳಗ್ಗೆ ಏಳು ಗಂಟೆಗೆ ಅಲ್ಲಿ ಕೂಲಿಕಾರರು ಮೇಸ್ತ್ರಿಯ ದಾರಿ ಕಾಯುತ್ತಾರೆ. ಎಂಟು ಗಂಟೆಗೆ ಇಡ್ಲಿ ಗಾಡಿ ಬರುತ್ತದೆ. ಮಧ್ಯಾಹ್ನ ಆಟೋ ಚಾಲಕರು ವಿರಮಿಸುತ್ತಾರೆ. ಸಂಜೆ ಕಾರ್ಖಾನೆ ಬಿಟ್ಟ ಮಹಿಳೆಯರು ತರಕಾರಿ ಕೊಳ್ಳುತ್ತಾರೆ. ಮಳೆ ಬಂದರೆ ದ್ವಿಚಕ್ರ ವಾಹನದವರಿಗೆ ಅದೇ ಆಸರೆ. ಇಷ್ಟೆಲ್ಲ ಬದುಕು ನಡೆಯುವ ಜಾಗವನ್ನು ಖಾಲಿ ಎಂದು ಕರೆಯಬೇಕಾದರೆ, ಅಲ್ಲಿರುವವರನ್ನು ಮನುಷ್ಯರ ಲೆಕ್ಕದಿಂದ ಮೊದಲೇ ತೆಗೆದುಹಾಕಿರಬೇಕು. ಹೀಗೆ ಖಾಲಿ ಎಂದು ಘೋಷಿಸಿದ ಜಾಗಕ್ಕೆ ಕಬ್ಬಿಣದ ಬೇಲಿ ಬೀಳುತ್ತದೆ. ಬೇಲಿಯೊಳಗೆ ಗಿಡ ನೆಡಲಾಗುತ್ತದೆ. ಮೇಲೆ ಸೇತುವೆ ಇರುವುದರಿಂದ ಆ ಗಿಡಗಳಿಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಟ್ಯಾಂಕರ್ ನೀರು ನಿಂತ ದಿನ ಗಿಡ ಒಣಗುತ್ತದೆ. ಬೇಲಿ ಮಾತ್ರ ಉಳಿಯುತ್ತದೆ. ಉದ್ಯಾನದ ಹೆಸರಿನಲ್ಲಿ ಊರಿಗೆ ಸಿಕ್ಕಿದ್ದು ಒಂದು ಬೇಲಿ!

ದಕ್ಷಿಣ ಕೊರಿಯಾದ ಸೋಲ್ ನಗರವನ್ನು ನಮ್ಮ ಯೋಜಕರು ಆಗಾಗ ಉದಾಹರಿಸುತ್ತಾರೆ. ಅಲ್ಲಿ 2003ರಲ್ಲಿ ಎತ್ತರಿಸಿದ ಹೆದ್ದಾರಿಯನ್ನು ಕೆಡವಿ, 2005ರಲ್ಲಿ ಚೊಂಗೆಚೊನ್ ಎಂಬ ಹಳೆಯ ತೊರೆಯನ್ನು ಮತ್ತೆ ಹರಿಸಲಾಯಿತು. ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಆ ರಸ್ತೆಯ ಕೆಳಗೆ ವ್ಯಾಪಾರ ಮಾಡುತ್ತಿದ್ದವರನ್ನು ಮೊದಲು ಒಂದು ಹಳೆಯ ಕ್ರೀಡಾಂಗಣಕ್ಕೆ ಸಾಗಿಸಲಾಯಿತು. ಕೆಲವೇ ವರ್ಷಗಳಲ್ಲಿ ಆ ಕ್ರೀಡಾಂಗಣವನ್ನೂ ಕೆಡವಿದಾಗ ಅವರು ಎರಡನೆಯ ಬಾರಿ ಎತ್ತಂಗಡಿಯಾದರು. ಸುಂದರ ತೊರೆಯ ಛಾಯಾಚಿತ್ರಗಳಲ್ಲಿ ಅವರ ಮುಖವಿಲ್ಲ. ಸೋಲ್‌ನಿಂದ ಕಲಿಯುವುದಾದರೆ ಈ ಪಾಠವನ್ನೂ ಕಲಿಯಬೇಡವೇ?

ಕಾನೂನು ಏನೆನ್ನುತ್ತದೆ ಎಂಬುದನ್ನೂ ಪರಿಶೀಲಿಸೋಣ. 1992ರ 74ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 243ಎಸ್ ವಿಧಿಯು ವಾರ್ಡ್ ಸಮಿತಿಗಳ ಬಗ್ಗೆ ಹೇಳುತ್ತದೆ. 243ಝಡ್‌ಇ ವಿಧಿಯು ಮಹಾನಗರ ಯೋಜನಾ ಸಮಿತಿಯ ಬಗ್ಗೆ ಹೇಳುತ್ತದೆ. ಆ ಸಮಿತಿಯ ಕನಿಷ್ಠ ಮೂರನೇ ಎರಡು ಭಾಗ ಸದಸ್ಯರನ್ನು ಸ್ಥಳೀಯ ಸಂಸ್ಥೆಗಳ ಚುನಾಯಿತರೇ ಆರಿಸಬೇಕು. ಅಂದರೆ ನಗರದ ನಕ್ಷೆಯನ್ನು ನಗರದವರೇ ಬರೆಯಬೇಕೆಂಬುದು ಸಂವಿಧಾನದ ಆಶಯ. ಬೆಂಗಳೂರಿಗೆ ಅಂತಹ ಸಮಿತಿ ರಚನೆಯಾದುದು 2014ರಲ್ಲಿ. ನಕ್ಷೆ ಬರೆಯುವ ಕೆಲಸ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಉಳಿಯಿತು. 2007ರಲ್ಲಿ ಅಂಗೀಕಾರವಾದ, 2015ಕ್ಕೆಂದು ರೂಪಿಸಿದ ಮಹಾಯೋಜನೆಯೇ ಅವಧಿ ಮುಗಿದ ಬಳಿಕವೂ ಮುಂದುವರಿಯಿತು. 2031ರ ಕರಡನ್ನು 2017ರಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಲಾಯಿತು. ಸಾವಿರಾರು ಆಕ್ಷೇಪಣೆಗಳು ಬಂದವು. 2020ರಲ್ಲಿ ಕರಡನ್ನೇ ಹಿಂಪಡೆಯಲಾಯಿತು. ಬರೆದವರ ಶ್ರಮ ಎಲ್ಲಿ ಹೋಯಿತು?

ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದಾಗಲೂ ಆ ಕುರ್ಚಿಗಳು ಖಾಲಿಯೇ ಇದ್ದವು. ಐದು ವರ್ಷ, ಒಬ್ಬನೇ ಒಬ್ಬ ಕಾರ್ಪೊರೇಟರ್ ಇಲ್ಲದ ಕೋಟಿ ಜನರ ನಗರ! ಆ ಅವಧಿಯಲ್ಲೇ ಸಾವಿರಾರು ಕೋಟಿ ರೂಪಾಯಿಗಳ ರಸ್ತೆ, ಸುರಂಗಗಳ ನಿರ್ಧಾರಗಳಾದವು. ಜನಪ್ರತಿನಿಧಿಯೇ ಇಲ್ಲದಾಗ ಜನಸಹಭಾಗಿತ್ವ ಎಂಬ ಪದಕ್ಕೆ ಏನರ್ಥ?

ಎಲೆಕ್ಟ್ರಾನಿಕ್ ಸಿಟಿಯ ಸ್ಥಿತಿ ಇನ್ನೂ ವಿಚಿತ್ರ. 243ಕ್ಯೂ ವಿಧಿಯು ಕೈಗಾರಿಕಾ ಟೌನ್‌ಶಿಪ್‌ಗಳಿಗೆ ಪುರಸಭೆಯಿಂದ ವಿನಾಯಿತಿ ನೀಡಲು ಅವಕಾಶ ಕೊಡುತ್ತದೆ. ಅದರಂತೆ 2013ರಲ್ಲಿ ಅಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಅಸ್ತಿತ್ವಕ್ಕೆ ಬಂತು. ಅಲ್ಲಿನ ರಸ್ತೆ, ದೀಪ, ಚರಂಡಿಗಳು ಅಚ್ಚುಕಟ್ಟಾಗಿರಬಹುದು. ಆದರೆ ಅಲ್ಲಿ ದುಡಿಯುವ ಭದ್ರತಾ ಸಿಬ್ಬಂದಿ, ಕ್ಯಾಂಟೀನ್ ಕೆಲಸಗಾರ, ಬಾಡಿಗೆ ಕಾರಿನ ಚಾಲಕ ಆ ಪ್ರಾಧಿಕಾರವನ್ನು ಮತ ಹಾಕಿ ಆರಿಸುವುದಿಲ್ಲ. ಬೇಲಿಯಾಚೆಗಿನ ಹಳ್ಳಿಯವರದು ಬೇರೆ ಸ್ಥಳೀಯ ಸಂಸ್ಥೆ. ಮೇಲಿನ ರಸ್ತೆ ಹೆದ್ದಾರಿ ಪ್ರಾಧಿಕಾರದ್ದು, ಹಳಿ ಮೆಟ್ರೋ ನಿಗಮದ್ದು, ಕಾಲುದಾರಿ ಮತ್ತೊಬ್ಬರದು, ನೀರಿನ ಕೊಳವೆ ಇನ್ನೊಬ್ಬರದು. ಕಂಬದ ಬುಡದಲ್ಲಿ ಒಂದು ಬೆಂಚು ಬೇಕೆಂದು ಕೇಳಲು ಹೊರಟವನು ಎಷ್ಟು ಕಚೇರಿಗಳ ಮೆಟ್ಟಿಲೇರಬೇಕು? ಹಳದಿ ಮಾರ್ಗದ ನಿಲ್ದಾಣಗಳನ್ನು ನೋಡಿ. ಹಣ ಕೊಟ್ಟ ಸಂಸ್ಥೆಯ ಹೆಸರು ಕೋನಪ್ಪನ ಅಗ್ರಹಾರಕ್ಕೂ ಹೆಬ್ಬಗೋಡಿಗೂ ಮುಂದೆ ಸೇರಿಕೊಂಡಿದೆ. ದಾನಿಗಳನ್ನು ಸ್ಮರಿಸುವುದು ತಪ್ಪಲ್ಲ. ಆದರೆ ಹಣ ಕೊಟ್ಟವರ ಹೆಸರು ಫಲಕದ ಮೇಲೆ ಬರುವ ಊರಿನಲ್ಲಿ, ನೆಲ ಕೊಟ್ಟವರ ಮಾತು ಕಡತದಲ್ಲಾದರೂ ಬರಬೇಕಲ್ಲವೇ?

ಜನ ಮಾತಾಡಿದರೆ ಪ್ರಯೋಜನವಿಲ್ಲ ಎಂದು ಕೈಚೆಲ್ಲುವವರಿಗೆ ಈ ನಗರದ್ದೇ ಎರಡು ಘಟನೆಗಳನ್ನು ನೆನಪಿಸಬೇಕು. ಎರಡೂ 2016ರಲ್ಲಿ ನಡೆದವು.

ಮೊದಲನೆಯದು ಆ ವರ್ಷದ ಏಪ್ರಿಲ್‌ನಲ್ಲಿ. ಭವಿಷ್ಯ ನಿಧಿಯ ಹಣವನ್ನು ಹಿಂಪಡೆಯುವ ನಿಯಮವನ್ನು ಕೇಂದ್ರ ಸರಕಾರ ಬದಲಿಸಿದಾಗ, ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಮಹಿಳೆಯರು ಕೆಲಸ ಬಿಟ್ಟು ಹೊರಬಂದರು. ಹೊಸೂರು ರಸ್ತೆಯನ್ನೂ ತುಮಕೂರು ರಸ್ತೆಯನ್ನೂ ತುಂಬಿದರು. ಅವರಿಗೆ ನಾಯಕರಿರಲಿಲ್ಲ, ವೇದಿಕೆಯಿರಲಿಲ್ಲ. ತಾವು ದಿನವೂ ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದ ರಸ್ತೆಯನ್ನೇ ಅವರು ಸಭಾಂಗಣ ಮಾಡಿಕೊಂಡರು. ಎರಡೇ ದಿನಗಳಲ್ಲಿ ಸರಕಾರ ನಿಯಮವನ್ನು ಹಿಂಪಡೆಯಿತು. ಆ ಸಂದರ್ಭದಲ್ಲಿ ಹಿಂಸೆಯೂ ನಡೆಯಿತು, ವಾಹನಗಳೂ ಸುಟ್ಟವು. ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಕೇಳುವ ಕಿವಿಗಳು ಮೊದಲೇ ಇದ್ದಿದ್ದರೆ ಬೀದಿಗಿಳಿಯುವ ಅಗತ್ಯವಾದರೂ ಏನಿತ್ತು?

ಎರಡನೆಯದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರ್ ಉಕ್ಕಿನ ಸೇತುವೆ, ಅದಕ್ಕಾಗಿ 812 ಮರಗಳ ಬಲಿ ಎಂಬ ಯೋಜನೆಯ ವಿರುದ್ಧ ಸಾವಿರಾರು ನಾಗರಿಕರು ಕೈಗೆ ಕೈ ಜೋಡಿಸಿ ಮಾನವ ಸರಪಳಿ ನಿರ್ಮಿಸಿದರು. 'ಬೇಡ' ಎಂಬ ಒಂದು ಕನ್ನಡ ಶಬ್ದ ನಗರದ ಘೋಷಣೆಯಾಯಿತು. 2017ರ ಮಾರ್ಚ್‌ನಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು.

ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಕಹಿಸತ್ಯ ಗೋಚರಿಸುತ್ತದೆ. ನಗರದ ಮಧ್ಯಭಾಗದ ಮರಗಳಿಗೆ ವಕೀಲರಿದ್ದಾರೆ, ಲೇಖಕರಿದ್ದಾರೆ, ದೂರದರ್ಶನದ ಕ್ಯಾಮರಾಗಳಿವೆ. 2025ರಲ್ಲಿ ಸುರಂಗ ರಸ್ತೆಗಾಗಿ ಲಾಲ್‌ಬಾಗ್‌ನ ನೆಲವನ್ನು ಬಳಸುವ ಪ್ರಸ್ತಾಪ ಬಂದಾಗ ಇಡೀ ನಗರ ಧ್ವನಿಯೆತ್ತಿತು. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಆ ತೋಟಕ್ಕಾಗಿ ಧ್ವನಿಯೆತ್ತಲೇಬೇಕಿತ್ತು. ಆದರೆ ಅಲ್ಲಿಯೂ ಚರ್ಚೆ ಕಾವೇರಿದ್ದು ಟೆಂಡರ್ ಕರೆದು ತಿಂಗಳುಗಳಾದ ಬಳಿಕ. ಲಾಲ್‌ಬಾಗ್‌ಗೇ ಈ ಗತಿಯಾದರೆ, ಹೆಸರಿಲ್ಲದ ಪೀಣ್ಯದ ಗಲ್ಲಿಗೆ, ಚೊಕ್ಕಸಂದ್ರದ ಮೈದಾನಕ್ಕೆ, ಹೊಸ ರೋಡಿನ ಬಸ್ ನಿಲ್ದಾಣಕ್ಕೆ ವಕಾಲತ್ತು ವಹಿಸುವವರಾರು?

ಜನರನ್ನು ಕೇಳುತ್ತ ಕುಳಿತರೆ ಯೋಜನೆ ವಿಳಂಬವಾಗುತ್ತದೆ ಎಂಬ ವಾದವೊಂದಿದೆ. ಸರಿ, ಕೇಳದೆ ಮಾಡಿದ ಯೋಜನೆಗಳು ಬೇಗ ಮುಗಿದಿವೆಯೇ? ಉಕ್ಕಿನ ಸೇತುವೆಯ ವಿಚಾರದಲ್ಲಿ ಕೇಳದೆ ಇದ್ದುದರಿಂದಲೇ ಸರಕಾರದ ಸಮಯ ವ್ಯರ್ಥವಾಯಿತು. ಮೊದಲೇ ಮೂರು ತಿಂಗಳು ಜನರ ಜೊತೆ ಕುಳಿತಿದ್ದರೆ ಮುಂದಿನ ಮೂರು ವರ್ಷಗಳ ನ್ಯಾಯಾಲಯದ ಅಲೆದಾಟ ತಪ್ಪುತ್ತದೆ.

ಜನಸಾಮಾನ್ಯರಿಗೆ ಇಂಜಿನಿಯರಿಂಗ್ ಗೊತ್ತಿಲ್ಲ ಎಂಬುದು ಇನ್ನೊಂದು ವಾದ. ಸೇತುವೆಯ ತೊಲೆ ಎಷ್ಟು ದಪ್ಪವಿರಬೇಕೆಂದು ಯಾರೂ ಬೀದಿಬದಿ ವ್ಯಾಪಾರಿಯನ್ನು ಕೇಳಬೇಕಾಗಿಲ್ಲ. ಆದರೆ ರಾತ್ರಿ ಎಂಟು ಗಂಟೆಗೆ ಯಾವ ಮೂಲೆ ಕತ್ತಲಾಗಿರುತ್ತದೆ, ಯಾವ ತಿರುವಿನಲ್ಲಿ ಹೆಣ್ಣುಮಕ್ಕಳು ಹೆಜ್ಜೆ ಚುರುಕುಗೊಳಿಸುತ್ತಾರೆ, ಮಳೆ ನೀರು ಮೊದಲು ಎಲ್ಲಿ ನಿಲ್ಲುತ್ತದೆ, ಶಾಲಾ ಮಕ್ಕಳು ನಿಜವಾಗಿ ಎಲ್ಲಿ ರಸ್ತೆ ದಾಟುತ್ತಾರೆ ಎಂಬುದು ಅಲ್ಲಿರುವವನಿಗೆ ಗೊತ್ತು. ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತ ಸಲಹೆಗಾರನಿಗೆ ಗೊತ್ತಿಲ್ಲ. ಸಿಯಾಟಲ್ ಕಲಿಸಿದ್ದೂ ಇದನ್ನೇ.

ಹಾಗಾದರೆ ಸಹಭಾಗಿತ್ವ ಎಂದರೇನು? ಐದು ನಕ್ಷೆಗಳನ್ನು ಗೋಡೆಗೆ ಅಂಟಿಸಿ, ಬಂದವರಿಗೆ ಚಹಾ ಕೊಟ್ಟು, ಸಹಿ ಪಡೆದು ಕಳುಹಿಸುವುದಲ್ಲ. ಮೊದಲ ಗೆರೆ ಎಳೆಯುವ ಮುನ್ನವೇ ಸಭೆ ನಡೆಯಬೇಕು. ವಿಸ್ತೃತ ಯೋಜನಾ ವರದಿ ಸಿದ್ಧವಾದ ಬಳಿಕದ ಸಭೆ ಬರೀ ನಾಟಕ. ಸಭೆಯು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ನಡೆದರೆ ಕಾರ್ಮಿಕರು ಬರಲಾರರು. ಅದು ವಾರದ ರಜೆಯ ದಿನ, ಕಾರ್ಖಾನೆ ಮತ್ತು ಬಸ್ ನಿಲ್ದಾಣದ ಹತ್ತಿರವೇ ನಡೆಯಬೇಕು. ನಕ್ಷೆಯ ವಿವರ ಕನ್ನಡದಲ್ಲಿರಬೇಕು. ಆ ಬಡಾವಣೆಗಳಲ್ಲಿ ಉರ್ದು, ತಮಿಳು, ತೆಲುಗು, ಹಿಂದಿ ಮಾತಾಡುವವರಿಗೆ ಅವರ ಭಾಷೆಯಲ್ಲಿ ವಿವರಿಸುವವರು ಇರಬೇಕು. ಮಹಿಳೆಯರಿಗೆ ನಿರ್ಭೀತಿಯಿಂದ ಮಾತಾಡಲು ಪ್ರತ್ಯೇಕ ಅವಕಾಶ ಇರಬೇಕು. ಬಂದ ಪ್ರತಿಯೊಂದು ಸಲಹೆಗೂ ಒಪ್ಪಿದ್ದೇವೆ ಅಥವಾ ಈ ಕಾರಣಕ್ಕಾಗಿ ಒಪ್ಪಿಲ್ಲ ಎಂದು ಲಿಖಿತ ಉತ್ತರ ಸಿಗಬೇಕು. ಉತ್ತರ ಕೊಡುವ ಹೊಣೆಯಿಲ್ಲದ ಅಧಿಕಾರಿಗೆ ಕೇಳುವ ಅಭ್ಯಾಸವೂ ಬರುವುದಿಲ್ಲ.

ಬೀದಿಬದಿ ವ್ಯಾಪಾರಿಗಳ ವಿಷಯದಲ್ಲಿ ಯಾರ ಔದಾರ್ಯವೂ ಬೇಕಿಲ್ಲ, 2014ರ ಕಾಯ್ದೆಯೇ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಯಾವ ವ್ಯಾಪಾರಿಯನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ ಆ ಕಾಯ್ದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸ್ಥಾನ ವ್ಯಾಪಾರಿಗಳ ಪ್ರತಿನಿಧಿಗಳಿಗೆ ಸಿಗಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಇಡ್ಲಿ ಗಾಡಿಗೆ, ಹಣ್ಣಿನ ಗಾಡಿಗೆ ನಕ್ಷೆಯಲ್ಲೇ ಜಾಗ ಗುರುತಿಸಿದ ಉದ್ಯಾನ ಹೆಚ್ಚು ಸುರಕ್ಷಿತವಾಗಿರುತ್ತದೆ. ಏಕೆಂದರೆ ಜನರಿರುವ ಕಡೆ ಕಳ್ಳಕಾಕರಿಗೆ ಧೈರ್ಯವಿರುವುದಿಲ್ಲ. ಅದೇ ರೀತಿ ಶೌಚಾಲಯ, ಕುಡಿಯುವ ನೀರು, ದೀಪ ಇವು ಕಾರಂಜಿಗಿಂತ ಮೊದಲು ಬರಬೇಕು. ನಿರ್ವಹಣೆಯ ಹಣ ಎಲ್ಲಿಂದ ಎಂಬುದು ಉದ್ಘಾಟನೆಗೆ ಮೊದಲೇ ತೀರ್ಮಾನವಾಗಬೇಕು. ಜಾಹೀರಾತು ಫಲಕಗಳಿಗೆ ಮಾರಿಕೊಂಡ ಉದ್ಯಾನ ಉದ್ಯಾನವಾಗಿ ಉಳಿಯುವುದಿಲ್ಲ.

ಇನ್ನು ಈ ಪುಟಗಳ ಓದುಗರಿಗೆ ಒಂದು ಮಾತು. ಪೀಣ್ಯ, ಬೊಮ್ಮನಹಳ್ಳಿ, ಹೊರಮಾವು, ವೈಟ್‌ಫೀಲ್ಡ್ ಸುತ್ತಮುತ್ತ ನೆಲೆಸಿರುವ ಮುಸ್ಲಿಮ್ ಕುಟುಂಬಗಳಲ್ಲಿ ವೆಲ್ಡರ್‌ಗಳಿದ್ದಾರೆ, ಆಟೋ ಚಾಲಕರಿದ್ದಾರೆ, ಹಣ್ಣಿನ ವ್ಯಾಪಾರಿಗಳಿದ್ದಾರೆ, ಸಾಫ್ಟ್‌ವೇರ್ ಇಂಜಿನಿಯರ್‌ಗಳೂ ಇದ್ದಾರೆ. ರಸ್ತೆ ಕೊಟ್ಟ ಕಷ್ಟಸುಖಗಳನ್ನು ಇತರೆಲ್ಲರಂತೆ ಇವರೂ ಉಂಡಿದ್ದಾರೆ. ಆದರೆ ಸರಕಾರಿ ಕಚೇರಿಗೆ ಸಮುದಾಯದ ನಿಯೋಗವೊಂದು ಹೋಗುವುದು ಯಾವಾಗ? ಕಬರಸ್ತಾನದ ಗೋಡೆಗಾಗಿ, ಮಸೀದಿಯ ಖಾತೆಗಾಗಿ, ಇಲ್ಲವೇ ಯಾವುದಾದರೂ ಗಲಾಟೆಯಾದಾಗ. ಅವು ಅಗತ್ಯದ ವಿಷಯಗಳೇ. ಆದರೆ ಚರಂಡಿ, ಕಾಲುದಾರಿ, ಮೈದಾನ, ಬಸ್ ನಿಲ್ದಾಣಗಳು ಸಮುದಾಯದ ವಿಷಯಗಳಲ್ಲವೇ? ವಾರ್ಡ್ ಸಭೆಯ ನೋಟಿಸನ್ನು ಜುಮಾ ದಿನ ಮಸೀದಿಯ ಫಲಕಕ್ಕೆ ಹಚ್ಚಿದ ಜಮಾಅತ್‌ಗಳು ಎಷ್ಟಿವೆ? ದಾರಿಯಿಂದ ತೊಡಕನ್ನು ಸರಿಸುವುದನ್ನು ಪುಣ್ಯಕಾರ್ಯವೆಂದು ಮಕ್ಕಳಿಗೆ ಕಲಿಸುವ ಸಮುದಾಯವು, ಆ ದಾರಿಯನ್ನು ಯಾರು ಹೇಗೆ ನಿರ್ಮಿಸುತ್ತಾರೆಂದು ವಿಚಾರಿಸದೇ ಇರಬಹುದೇ?

ಪ್ರತ್ಯೇಕವಾದ ಪಾಲನ್ನು ಕೇಳುವುದಕ್ಕಾಗಿ ಸಭೆಗೆ ಹೋಗಬೇಕಾಗಿಲ್ಲ. ಎಲ್ಲರಿಗೂ ಬೇಕಾದುದನ್ನು ಎಲ್ಲರ ಜೊತೆ ನಿಂತು ಕೇಳಲು ಹೋಗಬೇಕು. ಪಕ್ಕದ ಮನೆಯ ಲಕ್ಷ್ಮಮ್ಮನವರಿಗೂ ಎದುರು ಮನೆಯ ಫಾತಿಮಾರಿಗೂ ಬೇಕಾಗಿರುವುದು ಒಂದೇ ಬೀದಿದೀಪ, ಒಂದೇ ಪಾದಚಾರಿ ದಾರಿ, ಮಕ್ಕಳು ಓಡಾಡಲು ಒಂದೇ ಬಯಲು. ಮನೆಯೊಳಗೆ ಹತ್ತಡಿ ಕೋಣೆಯಲ್ಲಿ ದಿನವಿಡೀ ಕಳೆಯುವ ನಮ್ಮ ತಾಯಂದಿರಿಗೆ, ಅಕ್ಕತಂಗಿಯರಿಗೆ ಸಂಜೆ ಅರ್ಧ ಗಂಟೆ ನಡೆದಾಡಲು ಜಾಗ ಬೇಕು. ಆ ಜಾಗ ಎಂಥದ್ದಿರಬೇಕು ಎಂಬುದನ್ನು ಅವರೇ ಹೇಳಲಿ. ಅವರ ಪರವಾಗಿ ಗಂಡಸರು ಹೇಳಿದ್ದು ಸಾಕು. ಸಮುದಾಯದ ಇಂಜಿನಿಯರ್ ಯುವಕರು ನಕ್ಷೆಯನ್ನು ಓದಿ ಬಡಾವಣೆಯವರಿಗೆ ಅರ್ಥ ಮಾಡಿಸಲಿ. ವಕೀಲರು ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡಲಿ. ಕಲಿತವರು ಕಲಿಯದವರಿಗೆ ಸಲ್ಲಿಸಬೇಕಾದ ಬಾಕಿಯಿದು.

ಆಳುವವರಿಗೂ ಒಂದು ಮಾತು. ಸೇಂಟ್ ಪಾಲ್‌ನವರು ಕ್ಷಮೆ ಕೇಳಲು ಐವತ್ತು ವರ್ಷ ತೆಗೆದುಕೊಂಡರು. ಅಷ್ಟರಲ್ಲಿ ರೊಂಡೊದ ಒಂದು ಪೀಳಿಗೆಯೇ ಮಣ್ಣಾಗಿತ್ತು. ಹೊಸೂರು ರಸ್ತೆಯ, ತುಮಕೂರು ರಸ್ತೆಯ ಇಕ್ಕೆಲಗಳ ಜನ ಇನ್ನೂ ಬದುಕಿದ್ದಾರೆ. ಅವರನ್ನು ಕೇಳಲು ಇಂದೂ ಅವಕಾಶವಿದೆ. ಮುಂದಿನ ನಕ್ಷೆಯ ಮೊದಲ ಗೆರೆಯನ್ನು ಅವರ ನಡುವೆ ಕುಳಿತು ಎಳೆಯಿರಿ. ಹಾಗೆ ಎಳೆದ ಗೆರೆಯ ಮೇಲೆ ನೆಟ್ಟ ಗಿಡಕ್ಕೆ ನೀರೆರೆಯಲು ಗುತ್ತಿಗೆದಾರ ಬೇಕಾಗುವುದಿಲ್ಲ. ಊರೇ ಎರೆಯುತ್ತದೆ.